ಏಳು ಮೆಗಾಬೈಟ್ ಕಾಳಗ, ಎರಡು ಮೆಗಾಬೈಟ್ ಕಾರ್ಟ್ರಿಜ್: ಸ್ಟ್ರೀಟ್ ಫೈಟರ್ 2 ಮನೆಯ ಟಿವಿಗೆ ಬಂದ ಬಗೆ

(ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ತೆರೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿಡಿಯೊ ಆಟ, ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2, ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ಅಂಗಡಿಯ ಯಂತ್ರಗಳಿಗೆ, ಬಂದದ್ದು 1991ರಲ್ಲಿ. ಮರುವರ್ಷ ಜೂನ್ 10ಕ್ಕೆ ಜಪಾನಿನಲ್ಲಿ ಅದೇ ಆಟ ನಿಂಟೆಂಡೊದ ಮನೆಯ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂತು, ಜುಲೈನಲ್ಲಿ ಅಮೆರಿಕದ ಸೂಪರ್ ನಿಂಟೆಂಡೊಗೆ. ಎರಡೂ ಒಳಗಿನಿಂದ ಒಂದೇ ಯಂತ್ರ, ಹೊರಗಿನ ಡಬ್ಬಿ ಮಾತ್ರ ಬೇರೆ. ಕ್ಯಾಪ್‌ಕಾಮ್‌ನ ಲೆಕ್ಕದ ಪ್ರಕಾರ ಈ ಒಂದೇ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ, ಆಟ ತುಂಬಿದ ಡಬ್ಬಿ) 63 ಲಕ್ಷ ಪ್ರತಿ ಮಾರಾಟವಾಗಿದೆ. ಮಾರಾಟದ ಕತೆ ಅಷ್ಟಕ್ಕೆ ಸಾಕು. ಇವತ್ತು ನೋಡಬೇಕಾದದ್ದು, ಮೂರೂವರೆ ಪಟ್ಟು ದೊಡ್ಡದಾದ ಆಟವನ್ನು ಆ ಕಾರ್ಟ್ರಿಜ್‌ನಲ್ಲಿ ಹೇಗೆ ಕೂರಿಸಿದರು, ಏನನ್ನು ಬಿಟ್ಟರು, ಏನನ್ನು ಬಿಡಲು ಒಪ್ಪಲಿಲ್ಲ ಎನ್ನುವುದು.

ಅದಕ್ಕೂ ಮುಂಚಿನ ಒಂದು ಉದಾಹರಣೆ ತೆಗೆದುಕೊಳ್ಳೋಣ. 1990ರ ಕೊನೆಯಲ್ಲಿ ಇದೇ ಕಂಪನಿ ತನ್ನ ಫೈನಲ್ ಫೈಟ್ ಆಟವನ್ನು ಸೂಪರ್ ಫ್ಯಾಮಿಕಾಮ್‌ಗೆ ತಂದಿತ್ತು. ಕಾರ್ಟ್ರಿಜ್ 8 ಮೆಗಾಬಿಟ್, ಅಂದರೆ 1 ಮೆಗಾಬೈಟ್. ಆರ್ಕೇಡ್‌ನಲ್ಲಿ ಇಬ್ಬರು ಒಟ್ಟಿಗೆ ಆಡುತ್ತಿದ್ದ ಆಟ ಮನೆಯಲ್ಲಿ ಒಬ್ಬರದಾಯಿತು. ಮೂವರು ನಾಯಕರಲ್ಲಿ ಗೈ ಕಾಣೆಯಾದ. ಕಾರ್ಖಾನೆಯ ಹಂತ ಇಡಿಯಾಗಿ ಹೋಯಿತು. ತೆರೆಯ ಮೇಲಿನ ಶತ್ರುಗಳ ಸಂಖ್ಯೆಯೂ ಇಳಿಯಿತು. ನೋಡಲು ಚೆನ್ನಾಗಿತ್ತು, ಆದರೆ ಆಟದ ತಿರುಳೇ ಇಬ್ಬರು ಗೆಳೆಯರು ಸೇರಿ ಬೀದಿ ಗುಡಿಸುವುದಾಗಿದ್ದರಿಂದ, ಉಳಿಸಿದ್ದಕ್ಕಿಂತ ಕಳೆದದ್ದೇ ದೊಡ್ಡದಾಯಿತು. ಸ್ಟ್ರೀಟ್ ಫೈಟರ್ 2ರಲ್ಲಿ ಆರಿಸಿಕೊಂಡು ಆಡುವ ಎಂಟು ಮಂದಿ ಹೋರಾಟಗಾರರಲ್ಲಿ ಒಬ್ಬರನ್ನೂ ಬಿಡಲಿಲ್ಲ, ಕೊನೆಯ ನಾಲ್ವರು ಖಳರನ್ನೂ ಬಿಡಲಿಲ್ಲ, ಆರು ಬಟನ್‌ಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಅದಕ್ಕಾಗಿ ಕಾರ್ಟ್ರಿಜ್ ಅನ್ನು 16 ಮೆಗಾಬಿಟ್‌ಗೆ ಏರಿಸಿದರು. ಆ ಯಂತ್ರಕ್ಕೆ ಆ ಗಾತ್ರದ ಕಾರ್ಟ್ರಿಜ್ ಅದೇ ಮೊದಲು.

ಈಗ ಗಾತ್ರದ ಲೆಕ್ಕ. ಆರ್ಕೇಡ್ ಆಟ ಓಡುತ್ತಿದ್ದದ್ದು ಸಿಪಿಎಸ್-1 ಎನ್ನುವ ಬೋರ್ಡ್ ಮೇಲೆ. ಅದರ ರೋಮ್ ಚಿಪ್‌ಗಳಲ್ಲಿ, ಅಂದರೆ ಆಟವನ್ನು ಕಾಯಂ ಆಗಿ ಬರೆದಿಟ್ಟ ಚಿಪ್‌ಗಳಲ್ಲಿ, ಬರೀ ಚಿತ್ರಗಳೇ 6 ಮೆಗಾಬೈಟ್. ಆಟದ ಪ್ರೋಗ್ರಾಂ 1 ಮೆಗಾಬೈಟ್. ಸದ್ದಿನ ಪ್ರೋಗ್ರಾಂಗೆ 64 ಕಿಲೋಬೈಟ್, ಕೂಗು-ಏಟುಗಳ ಧ್ವನಿಮುದ್ರಣಕ್ಕೆ 256 ಕಿಲೋಬೈಟ್. ಒಟ್ಟು ಸುಮಾರು 7.3 ಮೆಗಾಬೈಟ್. ಕಾರ್ಟ್ರಿಜ್‌ನಲ್ಲಿ ಇರುವುದು 2.

ಕತ್ತರಿ ಮೊದಲು ಬಿದ್ದದ್ದು ಅಗಲಕ್ಕೆ. ಸಿಪಿಎಸ್-1 ಬೋರ್ಡಿನ ಚಿತ್ರ ಅಡ್ಡಲಾಗಿ 384 ಪಿಕ್ಸೆಲ್ (ಚಿತ್ರದ ಚುಕ್ಕೆ), ಎತ್ತರ 224. ಸೂಪರ್ ಫ್ಯಾಮಿಕಾಮ್‌ನದು 256ಕ್ಕೆ 224. ಎರಡೂ ಕೊನೆಗೆ ಒಂದೇ ಆಕಾರದ ಟಿವಿಯ ಮೇಲೆ ಹರಡಿಕೊಳ್ಳುತ್ತವೆ, ಹಾಗಾಗಿ ಆರ್ಕೇಡ್ ಪಿಕ್ಸೆಲ್ ಸಣಕಲು, ಮನೆಯ ಪಿಕ್ಸೆಲ್ ಅಗಲ. ಆರ್ಕೇಡ್ ಚಿತ್ರವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಎತ್ತಿ ತಂದರೆ ಆಟದ ನಾಯಕ ರ‍್ಯೂ ಡೊಳ್ಳು ಹೊಟ್ಟೆಯವನಂತೆ ಕಾಣುತ್ತಾನೆ, ಇಬ್ಬರ ನಡುವೆ ಓಡಾಡಲು ಜಾಗವೂ ಇರುವುದಿಲ್ಲ. ಅದಕ್ಕೇ ಪ್ರತಿಯೊಂದು ಭಂಗಿಯನ್ನೂ ಮೂರರಲ್ಲಿ ಎರಡು ಪಾಲು ಅಗಲಕ್ಕೆ ಮತ್ತೆ ಚಿತ್ರಿಸಬೇಕಾಯಿತು. ಯಂತ್ರಕ್ಕೆ ಕೊಟ್ಟು ಕುಗ್ಗಿಸಿದರೆ ಸಾಲದು, ಏಕೆಂದರೆ ಮೂರು ಪಿಕ್ಸೆಲ್‌ನಲ್ಲಿ ಬರೆದ ಕಣ್ಣು ಎರಡರಲ್ಲಿ ಬರೆಯುವಾಗ ಯಾವ ಪಿಕ್ಸೆಲ್ ಬಿಟ್ಟರೆ ಕಣ್ಣಾಗಿ ಉಳಿಯುತ್ತದೆ ಎಂದು ಕೈಯಿಂದಲೇ ತೀರ್ಮಾನಿಸಬೇಕು. ಇಷ್ಟು ಮಾಡಿದರೂ 6 ಮೆಗಾಬೈಟ್ 4ಕ್ಕೆ ಇಳಿಯಿತು, ಅಷ್ಟೇ. ಉಳಿದದ್ದು ಆಕೃತಿಗಳನ್ನು ಇನ್ನಷ್ಟು ಕಿರಿದು ಮಾಡಿ, ಒಂದು ಭಂಗಿಯ ಕಾಲನ್ನು ಇನ್ನೊಂದರಲ್ಲೂ ಬಳಸಿ, ಹಿನ್ನೆಲೆಯ ಚಲನೆಗಳನ್ನು ಸವರಿ ಉಳಿಸಿದ್ದು. ಆರ್ಕೇಡ್‌ನಲ್ಲಿ ಆಟ ಶುರುವಾಗುವ ಮುಂಚೆ ಕಟ್ಟಡದ ಎದುರು ಇಬ್ಬರು ಹೊಡೆದಾಡುವ ದೃಶ್ಯ ಬರುತ್ತಿತ್ತಲ್ಲ, ಅದು ಹೋಯಿತು. ಪೀಪಾಯಿ ಒಡೆಯುವ ಬೋನಸ್ ಹಂತ ಹೋಗಿ ಇಟ್ಟಿಗೆ ಒಡೆಯುವ ಹಂತ ಬಂತು. ಇವುಗಳಿಗಾಗಿ ಕಣ್ಣೀರು ಹಾಕಿದವರು ಹೆಚ್ಚಿಲ್ಲ.

ಗಾತ್ರಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ: ವೇಗ. ಪ್ರೊಸೆಸರ್‌ನ ವೇಗ ಅಲ್ಲ, ಚಿತ್ರವನ್ನು ಸಾಗಿಸುವ ವೇಗ.

ಸಿಪಿಎಸ್-1ರ ಚಿತ್ರ ಚಿಪ್ ಆಕೃತಿಗಳನ್ನು ನೇರವಾಗಿ ರೋಮ್‌ನಿಂದಲೇ ಓದುತ್ತದೆ. 6 ಮೆಗಾಬೈಟ್‌ನಲ್ಲಿ ಯಾವ ಮೂಲೆಯ ಚಿತ್ರ ಬೇಕಾದರೂ ಆ ಕ್ಷಣಕ್ಕೆ ಸಿಗುತ್ತದೆ. ಸೂಪರ್ ಫ್ಯಾಮಿಕಾಮ್ ಹಾಗಲ್ಲ. ಅದರ ಚಿತ್ರ ಚಿಪ್‌ಗೆ ಕಾಣುವುದು 64 ಕಿಲೋಬೈಟ್ ವಿಡಿಯೊ ಮೆಮೊರಿ ಮಾತ್ರ. ಅದರಲ್ಲೂ ಚಲಿಸುವ ಆಕೃತಿಗಳಿಗೆ, ಅಂದರೆ ಸ್ಪ್ರೈಟ್‌ಗಳಿಗೆ, ಒಂದು ಸಲಕ್ಕೆ 16 ಕಿಲೋಬೈಟ್. ರ‍್ಯೂನ ನೂರಾರು ಭಂಗಿಗಳು ಅಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ಭಂಗಿ ಬದಲಾದಾಗಲೆಲ್ಲ ಹೊಸದನ್ನು ಕಾರ್ಟ್ರಿಜ್‌ನಿಂದ ಈ ಮೆಮೊರಿಗೆ ನಕಲು ಮಾಡಬೇಕು. ತೆರೆಯ ಮೇಲೆ ಚಿತ್ರ ಮೂಡುತ್ತಿರುವಾಗ ಆ ಮೆಮೊರಿಯನ್ನು ಮುಟ್ಟುವಂತಿಲ್ಲ. ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವಿನ ಬಿಡುವಿನಲ್ಲಿ ಮಾತ್ರ ಅವಕಾಶ. ಕಂಪನಿ ನಾಟಕದಲ್ಲಿ ಮುಂದಿನ ಪರದೆ ಇಳಿಬಿಟ್ಟು, ಹಿಂದೆ ಗಡಿಬಿಡಿಯಲ್ಲಿ ಸೀನು ಬದಲಿಸುತ್ತಾರಲ್ಲ, ಅದೇ ಕೆಲಸ. ವ್ಯತ್ಯಾಸವೆಂದರೆ ಇಲ್ಲಿ ಪರದೆ ಸೆಕೆಂಡಿಗೆ 60 ಬಾರಿ ಇಳಿಯುತ್ತದೆ.

ಎಷ್ಟು ಬಿಡುವು? ಟಿವಿ ಒಂದು ಪೂರ್ತಿ ಚಿತ್ರವನ್ನು, ಅಂದರೆ ಒಂದು ಫ್ರೇಮನ್ನು, ಗೆರೆ ಗೆರೆಯಾಗಿ ಬರೆಯುತ್ತದೆ. ಒಂದು ಫ್ರೇಮ್‌ಗೆ 262 ಗೆರೆಗಳು. ಅದರಲ್ಲಿ ಚಿತ್ರಕ್ಕೆ 224 ಹೋದರೆ ಉಳಿಯುವುದು 38, ಬಳಕೆಗೆ ಸಿಗುವುದು ಸುಮಾರು 37. ಡಿಎಂಎ ಎನ್ನುವ ನೇರ ನಕಲು ವ್ಯವಸ್ಥೆ ಒಂದು ಗೆರೆಯ ಸಮಯದಲ್ಲಿ ಸುಮಾರು 165 ಬೈಟ್ ಸಾಗಿಸುತ್ತದೆ. ಒಟ್ಟು 6 ಕಿಲೋಬೈಟ್ ಆಸುಪಾಸು. ಈಗ 64 ಪಿಕ್ಸೆಲ್ ಅಗಲ, 96 ಪಿಕ್ಸೆಲ್ ಎತ್ತರದ ಒಬ್ಬ ಆಳನ್ನು ಊಹಿಸಿಕೊಳ್ಳಿ. 8ಕ್ಕೆ 8ರ ತುಣುಕುಗಳಾಗಿ ಕತ್ತರಿಸಿದರೆ 96 ತುಣುಕು. ಒಂದೊಂದು 32 ಬೈಟ್, ಆಯಿತು 3 ಕಿಲೋಬೈಟ್. ಇಬ್ಬರೂ ಒಂದೇ ಫ್ರೇಮ್‌ನಲ್ಲಿ ಭಂಗಿ ಬದಲಿಸಿದರೆ 6 ಕಿಲೋಬೈಟ್ ಅಲ್ಲಿಗೇ ಮುಗಿಯಿತು. ಹಡೋಕೆನ್ ಎಂಬ, ಕೈಯಿಂದ ಎಸೆಯುವ ಬೆಂಕಿಯುಂಡೆ, ಏಟು ತಗುಲಿದ ಕಿಡಿ, ಜೀವದ ಪಟ್ಟಿ, ಹಿಂದೆ ಕುಣಿಯುವ ಜನ ಇವಕ್ಕೆಲ್ಲ ಏನೂ ಉಳಿಯಲಿಲ್ಲ.

ಇದಕ್ಕೆ ಕೆಲವು ಉಪಾಯಗಳಿವೆ. ಆಟ ಓಡುತ್ತಿರುವಾಗ ಟಿವಿಯ ಮೇಲಂಚು, ಕೆಳಂಚು ಗಮನಿಸಿ: ಕಪ್ಪು ಪಟ್ಟಿಗಳು ಕಾಣುತ್ತವೆ. ಅದು ಅಲಂಕಾರವಲ್ಲ. ಅಷ್ಟು ಗೆರೆಗಳಲ್ಲಿ ಚಿತ್ರ ಚಿಪ್ಪನ್ನು ಬೇಕೆಂದೇ ನಿಲ್ಲಿಸಿ ಆ ಸಮಯವನ್ನೂ ನಕಲಿಗೆ ಬಳಸಿಕೊಂಡಿದ್ದಾರೆ. ಕಪ್ಪು ಮಾಡಿದ ಒಂದು ಗೆರೆಗೆ ಐದು ತುಣುಕು ಲಾಭ. ಹದಿನಾರು ಗೆರೆ ಬಿಟ್ಟುಕೊಟ್ಟರೆ ಸುಮಾರು 2.6 ಕಿಲೋಬೈಟ್, ಅಂದರೆ ಒಬ್ಬ ಆಳಿನ ಬಹುಪಾಲು ಬಂತು. ಇನ್ನೊಂದು ಉಪಾಯ, ಆಳನ್ನು ಚೌಕಟ್ಟಿನಂತೆ ಇಡಿಯಾಗಿ ಸಾಗಿಸದೆ, ಖಾಲಿ ತುಣುಕುಗಳನ್ನು ಬಿಟ್ಟು ಮೈ ಇರುವಲ್ಲಿಯ ತುಣುಕುಗಳನ್ನು ಮಾತ್ರ ಸಾಗಿಸುವುದು. ಮತ್ತೊಂದು, ಇಬ್ಬರ ಹೊಸ ಭಂಗಿಯೂ ಒಟ್ಟಿಗೆ ಬಿದ್ದರೆ ಒಬ್ಬನ ಚಿತ್ರವನ್ನು ಒಂದು ಫ್ರೇಮ್ ಮುಂದೂಡುವುದು. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಆದರೆ ಏಟು ತಗುಲಿತೇ ಇಲ್ಲವೇ ಎಂಬ ಲೆಕ್ಕ ಮಾತ್ರ ಮುಂದೂಡುವಂತಿಲ್ಲ. ಚಿತ್ರ ಬೇರೆ, ಲೆಕ್ಕ ಬೇರೆ ಎಂದು ಇಡುವುದು ಇಂಥ ಕೆಲಸದಲ್ಲಿ ಮೊದಲ ಶಿಸ್ತು.

ಇನ್ನೊಂದು ಪರಿಣಾಮವನ್ನೂ ನೋಡಿ. ನಕಲು ನೇರ ಕಾರ್ಟ್ರಿಜ್‌ನಿಂದ ಆಗಬೇಕಾದ್ದರಿಂದ ಆಳುಗಳ ಚಿತ್ರಗಳನ್ನು ಒತ್ತಿ ಕುಗ್ಗಿಸಿ ಇಡಲು ಬರುವುದಿಲ್ಲ. ಬಿಡಿಸಿ ಹರಡಲು ಆ ಪ್ರೊಸೆಸರ್‌ಗೆ ಒಂದು ಫ್ರೇಮ್‌ನ ಸಮಯ ಸಾಲದು. ಪಂದ್ಯದ ಶುರುವಿನಲ್ಲಿ ಒಮ್ಮೆ ಮಾತ್ರ ಬರುವ ಹಿನ್ನೆಲೆಗಳನ್ನು ಬೇಕಾದರೆ ಕುಗ್ಗಿಸಬಹುದು. ನಾಲ್ಕು ವರ್ಷ ಕಳೆದು, 1996ರಲ್ಲಿ, ಸ್ಟ್ರೀಟ್ ಫೈಟರ್ ಆಲ್ಫಾ 2 ಇದೇ ಯಂತ್ರಕ್ಕೆ ಬಂದಾಗ ಕಾರ್ಟ್ರಿಜ್‌ನ ಒಳಗೇ ಎಸ್-ಡಿಡಿ1 ಎನ್ನುವ ಚಿಪ್ ಇಟ್ಟು, ನಕಲು ಹೋಗುತ್ತಿರುವಾಗಲೇ ಚಿತ್ರ ಬಿಡಿಸಿಕೊಳ್ಳುವಂತೆ ಮಾಡಿದರು. 1992ರಲ್ಲಿ ಆ ಸೌಲಭ್ಯ ಇರಲಿಲ್ಲ.

ಒಂದು ಗೆರೆಯ ಮೇಲೆ ಎಷ್ಟು ಸ್ಪ್ರೈಟ್ ನಿಲ್ಲಬಹುದು ಎನ್ನುವುದಕ್ಕೂ ಮಿತಿ ಇದೆ: 32 ಸ್ಪ್ರೈಟ್, ಒಟ್ಟು 34 ತುಣುಕಿನ ಅಗಲ, ಅಂದರೆ 272 ಪಿಕ್ಸೆಲ್. ಮೀರಿದರೆ ಆ ಗೆರೆಯಲ್ಲಿ ಕೆಲವು ತುಣುಕು ಮಾಯವಾಗುತ್ತವೆ. ಇಲ್ಲಿ ಪರೀಕ್ಷೆಗೆ ನಮ್ಮ ದೇಶದವನೇ ಬೇಕು, ಧಲ್ಸಿಮ್. ಕೈಕಾಲು ಹಿಗ್ಗಿಸಿ ತೆರೆಯ ಅರ್ಧ ಭಾಗ ಆವರಿಸುವ ಯೋಗಿ ಅವನು. ಎದುರಾಳಿ ಮತ್ತು ಬೆಂಕಿಯುಂಡೆ ಅದೇ ಗೆರೆಗೆ ಬಂದರೆ ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿ, 272 ಏಕೆ ಮುಖ್ಯವೆಂದು ತಿಳಿಯುತ್ತದೆ. ನಮ್ಮೂರುಗಳ ಅಂಗಡಿಗಳಲ್ಲಿ "ಟಿವಿ ಗೇಮ್" ಎಂದು ಮಾರುತ್ತಿದ್ದ 8 ಬಿಟ್ ನಕಲಿ ಯಂತ್ರಗಳಲ್ಲೂ ಸ್ಟ್ರೀಟ್ ಫೈಟರ್ ಹೆಸರಿನ, ಪರವಾನಗಿ ಇಲ್ಲದ ಕಾರ್ಟ್ರಿಜ್‌ಗಳು ಬರುತ್ತಿದ್ದವು. ಆ ಯಂತ್ರದಲ್ಲಿ ಒಂದು ಗೆರೆಗೆ 8 ಪಿಕ್ಸೆಲ್ ಅಗಲದ 8 ಸ್ಪ್ರೈಟ್ ಮಾತ್ರ, ಒಟ್ಟು 64 ಪಿಕ್ಸೆಲ್. ಆಳಿಗೆ 32ರಂತೆ ಇಬ್ಬರು ನಿಂತರೇ ಮುಗಿಯಿತು. ಯಾರಾದರೂ ಕಾಲು ಚಾಚಿದರೆ ದೇಹ ಮಿನುಗತೊಡಗುತ್ತಿದ್ದದ್ದು ಇದಕ್ಕೇ. ಕಾರ್ಟ್ರಿಜ್ ಕೆಟ್ಟಿದೆ ಎಂದು ಎಷ್ಟೋ ಮಂದಿ ಅದರ ಬಾಯಿಗೆ ಊದಿದ್ದಾರೆ, ಊದಿದ್ದರಿಂದ ಏನೂ ಆಗುವಂತಿರಲಿಲ್ಲ.

ಸದ್ದಿನ ಕಡೆ ಬರೋಣ. ಆರ್ಕೇಡ್‌ನಲ್ಲಿ ಸಂಗೀತಕ್ಕೆ ಯಮಹಾದ ವೈಎಂ2151 ಎಂಬ ಎಫ್ಎಂ ಚಿಪ್, ಎಂಟು ಚಾನೆಲ್. ಅದು ಸ್ವರವನ್ನು ಅಂಕಿಗಳಿಂದಲೇ ಹುಟ್ಟಿಸುತ್ತದೆ, ಧ್ವನಿಮುದ್ರಣ ಬೇಡ. ಕೂಗುಗಳಿಗೆ ಓಕಿ ಕಂಪನಿಯ ಎಂಎಸ್ಎಂ6295. ಅದು 256 ಕಿಲೋಬೈಟ್ ರೋಮ್‌ನಿಂದ ನೇರವಾಗಿ ನುಡಿಸುತ್ತದೆ, ಹತ್ತಿರ ಹತ್ತಿರ 70 ಸೆಕೆಂಡ್‌ನಷ್ಟು ಧ್ವನಿ. ಸೂಪರ್ ಫ್ಯಾಮಿಕಾಮ್‌ನಲ್ಲಿ ಸಂಗೀತದ ವಾದ್ಯ, ಕೂಗು, ಏಟು ಎಲ್ಲವೂ ಧ್ವನಿಮುದ್ರಣಗಳೇ, ಎಲ್ಲವೂ ಒಂದೇ 64 ಕಿಲೋಬೈಟ್‌ನಲ್ಲಿ ಇರಬೇಕು. 16 ಮಾದರಿಗೆ (ಒಂದೊಂದು ಕ್ಷಣದ ಧ್ವನಿಯ ಅಳತೆಗೆ ಮಾದರಿ ಎನ್ನುತ್ತಾರೆ) 9 ಬೈಟ್‌ನಂತೆ ಒತ್ತಿಟ್ಟು, ಸೆಕೆಂಡಿಗೆ 8,000 ಮಾದರಿ ಎಂದಿಟ್ಟುಕೊಂಡರೂ ಇಡೀ 64 ಕಿಲೋಬೈಟ್‌ಗೆ ಹದಿನಾಲ್ಕೂವರೆ ಸೆಕೆಂಡ್. ಅದರಲ್ಲೇ ಸದ್ದಿನ ಪ್ರೋಗ್ರಾಂ, ರಾಗದ ಸ್ವರಪಟ್ಟಿ. ಮಾರ್ದನಿ ಬೇಕೆಂದರೆ ಪ್ರತಿ 16 ಮಿಲಿಸೆಕೆಂಡ್‌ಗೆ ಇನ್ನೂ 2 ಕಿಲೋಬೈಟ್ ತೆರಬೇಕು. ಹಾಗಾಗಿ ಪಂದ್ಯಕ್ಕೆ ನಿಂತ ಇಬ್ಬರ ಕೂಗುಗಳು, ಆ ಹಂತದ ವಾದ್ಯಗಳು ಇಷ್ಟನ್ನೇ ಆಗಾಗ ತುಂಬಿಕೊಳ್ಳುವುದು ದಾರಿ. ತುಂಬುವ ಬಾಗಿಲೂ ಕಿರಿದು: ಒಂದೊಂದು ಬೈಟ್‌ನ ನಾಲ್ಕು ಕಿಂಡಿ, ಪ್ರತಿ ಸಲವೂ ಆಚೆಯ ಚಿಪ್ "ಬಂತು" ಎಂದು ಉತ್ತರಿಸುವವರೆಗೆ ಕಾಯಬೇಕು. ಆಲ್ಫಾ 2ರಲ್ಲಿ ರೌಂಡ್ ಶುರುವಾಗುವ ಮುನ್ನ ಆಟ ಒಂದು ಕ್ಷಣ ಸ್ತಬ್ಧವಾಗುತ್ತದಲ್ಲ, ಅದಕ್ಕೆ ಚಿತ್ರ ಬಿಡಿಸುವ ಚಿಪ್ಪನ್ನು ಬೈಯುವವರು ಬಹಳ. ತಪ್ಪು ಮುಖ್ಯವಾಗಿ ಈ ಕಿಂಡಿಯದು.

ಈಗ, ಕೈಗೆ ತಿಳಿಯುವ ಭಾಗ. ನನ್ನ ಮಟ್ಟಿಗೆ ಈ ಆಟ ಮನೆಯಲ್ಲಿ ಗೆದ್ದದ್ದು ಇಲ್ಲಿ.

ಆರ್ಕೇಡ್ ಬೋರ್ಡ್ ಸೆಕೆಂಡಿಗೆ 59.6 ಫ್ರೇಮ್ ತೋರಿಸುತ್ತದೆ, ಸೂಪರ್ ಫ್ಯಾಮಿಕಾಮ್ 60.1. ಬಹುತೇಕ ಒಂದೇ. ಆಟದ ನಿಯಮಗಳೆಲ್ಲ ಫ್ರೇಮ್‌ಗಳಲ್ಲಿ ಬರೆದಿರುವುದರಿಂದ ಆ ಎಣಿಕೆಯನ್ನು ಹಾಗೇ ಉಳಿಸಿಕೊಳ್ಳಲು ಸಾಧ್ಯವಾಯಿತು. ಆದರೆ ಪ್ರೋಗ್ರಾಂ ಅನ್ನು ಎತ್ತಿ ತರಲು ಬರುವುದಿಲ್ಲ. ಆರ್ಕೇಡ್‌ನದು 10 ಮೆಗಾಹರ್ಟ್ಸ್‌ನ ಮೋಟೊರೋಲಾ 68000, ಒಳಗೆ 32 ಬಿಟ್‌ನ ಹದಿನಾರು ರಿಜಿಸ್ಟರ್, ಅಂದರೆ ಲೆಕ್ಕ ಮಾಡುವಾಗ ಅಂಕಿ ಇಟ್ಟುಕೊಳ್ಳುವ ಗೂಡುಗಳು. ಇಲ್ಲಿರುವುದು ಹೆಚ್ಚೆಂದರೆ 3.58 ಮೆಗಾಹರ್ಟ್ಸ್‌ನ 65ಸಿ816 ಬಗೆಯದು, ಕೈಗೆ ಸಿಗುವುದು ಎ, ಎಕ್ಸ್, ವೈ ಎಂಬ ಮೂರು. ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಬರೆಯುವಾಗ ಒಂದು ಹೊಂಡ ಕಾದಿರುತ್ತದೆ. ಅಗಲ ಮೂರರಲ್ಲಿ ಎರಡಾಗಿದೆ, ಹಾಗಾಗಿ ಅಡ್ಡ ನಡಿಗೆ, ಏಟಿನ ಅಳತೆ, ಹಿಡಿದೆಸೆಯುವ ದೂರ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ಫ್ರೇಮ್‌ಗೆ 3 ಪಿಕ್ಸೆಲ್ ನಡೆಯುವವನು 2 ನಡೆದರೆ ಸರಿ. 4 ನಡೆಯುವವನು? 2.67. ಅದನ್ನು 3 ಎಂದು ದುಂಡು ಮಾಡಿದರೆ ಅವನು ಎಂಟರಲ್ಲಿ ಒಂದು ಪಾಲು ವೇಗವಾದ, 2 ಎಂದರೆ ಕುಂಟಿದ. ಆದ್ದರಿಂದ ಸ್ಥಾನವನ್ನು ಪಿಕ್ಸೆಲ್ ಮತ್ತು ಅದರ 256ನೇ ಭಾಗ ಎಂದು ಬೇರೆ ಬೇರೆಯಾಗಿ ಇಟ್ಟು, ತೋರಿಸುವಾಗ ಮಾತ್ರ ಪಿಕ್ಸೆಲ್ ಭಾಗ ಬಳಸಬೇಕು. ಎತ್ತರದ ಲೆಕ್ಕ ಬೇರೆ ಪ್ರಮಾಣ. ಅಡ್ಡ ಮಾತ್ರ ಇಳಿಸಿ ಎತ್ತರ ಮರೆತರೆ ನೆಗೆತದ ಕಮಾನು ಬದಲಾಗಿ, ಬೆಂಕಿಯುಂಡೆಯ ಮೇಲಿಂದ ಹಾರಿ ಒದೆಯುವ ಅಭ್ಯಾಸವೇ ತಪ್ಪಿಹೋಗುತ್ತದೆ.

ರ‍್ಯೂ ಕುಳಿತು ಮಧ್ಯಮ ಒದೆತ ಹಾಕಿ, ಆ ಒದೆತ ಮುಗಿಯುವ ಮೊದಲೇ ಅದನ್ನು ಕಡಿದು ಹಡೋಕೆನ್ ಬಿಡುವ ಜೋಡಣೆ ಗೊತ್ತಿರುವವರು ಮನೆಯ ಕಾರ್ಟ್ರಿಜ್ ಹಾಕಿ ಮೊದಲು ಪರೀಕ್ಷಿಸುತ್ತಿದ್ದದ್ದು ಅದನ್ನೇ. ಹೊಡೆತಗಳ ಇಂಥ ಸರಣಿ, ಕಾಂಬೊ, ಮೂಲದಲ್ಲಿ ಯೋಜಿಸಿದ್ದೂ ಅಲ್ಲ. ಕಾರು ಒಡೆಯುವ ಬೋನಸ್ ಹಂತವನ್ನು ಪರಿಶೀಲಿಸುವಾಗ ನಿರ್ಮಾಪಕ ನೊರಿತಾಕಾ ಫುನಾಮಿಜು ಅವರ ಕಣ್ಣಿಗೆ ಬಿದ್ದು, ತೆಗೆಯದೆ ಬಿಟ್ಟದ್ದು. ಆಕಸ್ಮಿಕವಾಗಿ ಬಂದದ್ದನ್ನು ಇನ್ನೊಂದು ಯಂತ್ರದಲ್ಲಿ ಬೇಕೆಂದೇ ಮರುಸೃಷ್ಟಿಸಬೇಕು. ಚಿತ್ರ ಸವರಿದ್ದಕ್ಕಿಂತ ಇದು ದೊಡ್ಡ ಕೆಲಸ ಎನ್ನುತ್ತೇನೆ.

ಆರು ಬಟನ್‌ಗಳ ವಿಷಯದಲ್ಲಿ ಅದೃಷ್ಟ ಇತ್ತು. ಸೂಪರ್ ಫ್ಯಾಮಿಕಾಮ್ ಕಂಟ್ರೋಲರ್‌ನಲ್ಲಿ ಮೊದಲೇ ಆರು ಇದ್ದವು: ವೈ ಲಘು ಗುದ್ದು, ಎಕ್ಸ್ ಮಧ್ಯಮ ಗುದ್ದು, ಬಿ ಲಘು ಒದೆತ, ಎ ಮಧ್ಯಮ ಒದೆತ. ಬಲವಾದ ಗುದ್ದು ಮತ್ತು ಒದೆತ ತೋರುಬೆರಳಿನ ಎಲ್, ಆರ್‌ಗಳಿಗೆ. ಆರ್ಕೇಡ್‌ನಲ್ಲಿ ಮೂರು ಗುದ್ದು ಮೇಲಿನ ಸಾಲು, ಮೂರು ಒದೆತ ಕೆಳಗಿನ ಸಾಲು, ಅಂಗೈ ಇಟ್ಟರೆ ಬೆರಳು ತಾನಾಗಿ ಬೀಳುತ್ತಿತ್ತು. ಎಲ್, ಆರ್‌ನಲ್ಲಿ ಆ ಸಹಜತೆ ಇಲ್ಲ. ಸೆಗಾದ ಮೆಗಾ ಡ್ರೈವ್‌ಗೆ ಇಷ್ಟೂ ಇರಲಿಲ್ಲ, ಮೂರೇ ಬಟನ್. 1993ರಲ್ಲಿ ಆ ಯಂತ್ರಕ್ಕೆ ಈ ಆಟದ 24 ಮೆಗಾಬಿಟ್ ಕಾರ್ಟ್ರಿಜ್ ಬಂದಾಗ, ಹೊಸ ಆರು ಬಟನ್ ಕಂಟ್ರೋಲರ್ ಕೊಳ್ಳದವರು ಸ್ಟಾರ್ಟ್ ಒತ್ತಿ ಗುದ್ದಿನಿಂದ ಒದೆತಕ್ಕೆ, ಒದೆತದಿಂದ ಗುದ್ದಿಗೆ ಬದಲಿಸಿಕೊಳ್ಳಬೇಕಿತ್ತು. ಆಟವಾಡುತ್ತಾ ಅದನ್ನು ಮಾಡಿ ಗೆಲ್ಲುವುದು ಹೆಚ್ಚು ಕಡಿಮೆ ಅಸಾಧ್ಯ. ಆ ಮೆಗಾ ಡ್ರೈವ್ ಕಾರ್ಟ್ರಿಜ್‌ನ ಕೂಗುಗಳು ಕರ್ಕಶವಾಗಿ ಕೇಳುವುದಕ್ಕೆ ಕಾರಣ ಮುದ್ರಣಕ್ಕಿಂತ ನುಡಿಸುವ ಪ್ರೋಗ್ರಾಂ. ಚಿತ್ರ ಸಾಗುವಾಗ ಸದ್ದಿನ ಪ್ರೊಸೆಸರ್‌ಗೆ ಕಾರ್ಟ್ರಿಜ್ ಸಿಗದೆ ತಡವರಿಸುತ್ತದೆ. ಹವ್ಯಾಸಿಗಳು ಆ ಪ್ರೋಗ್ರಾಂ ಒಂದನ್ನೇ ಬದಲಿಸಿ ಧ್ವನಿ ತಿಳಿಯಾಗುವುದನ್ನು ತೋರಿಸಿದ್ದಾರೆ.

ಇಷ್ಟೆಲ್ಲ ಏಕೆ, ಬೋರ್ಡನ್ನೇ ಮನೆಗೆ ಮಾರಬಹುದಿತ್ತಲ್ಲ ಎಂದು ಕೇಳಬಹುದು. ಕ್ಯಾಪ್‌ಕಾಮ್ ಅದನ್ನೂ ಮಾಡಿತು. 1994ರಲ್ಲಿ ಜಪಾನಿನಲ್ಲಿ ಸಿಪಿಎಸ್ ಚೇಂಜರ್ ಎಂಬ ಹೆಸರಿನಲ್ಲಿ ಆರ್ಕೇಡ್ ಬೋರ್ಡ್‌ಗಳನ್ನು ಟಿವಿಗೆ ಜೋಡಿಸುವ ಪೆಟ್ಟಿಗೆ ತಂದಿತು. ಬೆಲೆ ನೋಡಿಯೇ ಜನ ದೂರ ಸರಿದರು.

ಕೊನೆಯದಾಗಿ, ಇವತ್ತು ಹಳೆಯ ಯಂತ್ರ ಕೊಂಡು ಆಡುವವರಿಗೆ ಕೆಲವು ಮಾತು. ಅಮೆರಿಕದಲ್ಲೋ ಜಪಾನಿನಲ್ಲೋ ಇರುವ ನೆಂಟರು ಯಂತ್ರ ತಂದುಕೊಟ್ಟರೆ ಮೊದಲು ಅಡಾಪ್ಟರ್ ನೋಡಿ. ಜಪಾನಿನದು 100 ವೋಲ್ಟ್‌ಗೆ, ಅಮೆರಿಕದ್ದು 120ಕ್ಕೆ ಮಾಡಿದ್ದು. ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ, ಇಲ್ಲವೇ 10 ವೋಲ್ಟ್, 850 ಮಿಲಿಆಂಪ್ ಡಿಸಿ ಕೊಡುವ ಬದಲಿ ಅಡಾಪ್ಟರ್ ಕೊಳ್ಳಿ. ಸೂಪರ್ ಫ್ಯಾಮಿಕಾಮ್‌ನ ಪಿನ್‌ನಲ್ಲಿ ನಡುವಿನದು ಋಣ, ಹೊರಗಿನದು ಧನ, ಮಾಮೂಲಿಗೆ ಉಲ್ಟಾ. ಯುರೋಪಿನ ಸೂಪರ್ ನಿಂಟೆಂಡೊಗೆ ಬೇಕಾದದ್ದು 9 ವೋಲ್ಟ್ ಎಸಿ. ಇವನ್ನು ಅದಲುಬದಲು ಮಾಡಬೇಡಿ. ಯುರೋಪಿನ ಯಂತ್ರ 50 ಹರ್ಟ್ಸ್‌ನದು. 60 ಹರ್ಟ್ಸ್‌ಗೆ ಬರೆದ ಆಟ ಅದರಲ್ಲಿ ಹಾಗೇ ಓಡಿದರೆ ಆರರಲ್ಲಿ ಒಂದು ಪಾಲು ನಿಧಾನ, ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ. ಜಪಾನ್, ಅಮೆರಿಕದ ಯಂತ್ರಗಳ ಬಣ್ಣ ಎನ್‌ಟಿಎಸ್‌ಸಿ ಪದ್ಧತಿಯದು. ಪಾಲ್ ಎಂಬ ಇನ್ನೊಂದು ಬಣ್ಣದ ಪದ್ಧತಿ ಮಾತ್ರ ಗೊತ್ತಿರುವ ಹಳೆ ಡಬ್ಬಿ ಟಿವಿಯಲ್ಲಿ ಕಪ್ಪು ಬಿಳುಪಾಗಿ ಕಾಣಬಹುದು.

ಎಲ್‌ಸಿಡಿ ಟಿವಿಯಲ್ಲಿ ಶೊರ್ಯುಕೆನ್ (ಮೇಲಕ್ಕೆ ನೆಗೆದು ಹಾಕುವ ಗುದ್ದು) ಸದಾ ತಡವಾಗಿ ಬರುತ್ತಿದ್ದರೆ ಬೆರಳನ್ನು ಅನುಮಾನಿಸುವ ಮುಂಚೆ ಟಿವಿಯನ್ನು ಅನುಮಾನಿಸಿ. ಕೆಲವು ಟಿವಿಗಳು ಈ ಯಂತ್ರದ ಚಿತ್ರವನ್ನು ಹೆಣೆದ ಚಿತ್ರವೆಂದು, ಅಂದರೆ ಒಮ್ಮೆ ಬೆಸ, ಒಮ್ಮೆ ಸಮ ಗೆರೆಗಳು ಬರುವ ಚಿತ್ರವೆಂದು ತಪ್ಪು ತಿಳಿದು, ಬಿಡಿಸಲು ಹೋಗಿ ಕೆಲವು ಫ್ರೇಮ್ ತಡ ಮಾಡುತ್ತವೆ. ಗೇಮ್ ಮೋಡ್ ಹಾಕಿ ನೋಡಿ. ಸಾಲದಿದ್ದರೆ ಗೆರೆಗಳನ್ನು ಇಮ್ಮಡಿ ಮಾಡಿ ಕೊಡುವ ಪೆಟ್ಟಿಗೆ ಬೇಕು. ಹಡೋಕೆನ್ ಬದಲು ಬರೀ ಗುದ್ದು ಬರುತ್ತಿದ್ದರೆ ಕೆಳಗೆ, ಓರೆ, ಮುಂದೆ ಎನ್ನುವುದರಲ್ಲಿ ಓರೆ ತಪ್ಪಿದೆ ಎಂದರ್ಥ. ಹೆಬ್ಬೆರಳನ್ನು ಎತ್ತದೆ ಉರುಳಿಸಿ. ಆಗಲೂ ತಪ್ಪಿದರೆ ಕಂಟ್ರೋಲರ್ ಬಿಚ್ಚಿ ರಬ್ಬರಿನ ಕೆಳಗಿನ ಕಪ್ಪು ಬಿಲ್ಲೆಗಳನ್ನೂ ಬೋರ್ಡಿನ ಸಂಪರ್ಕಗಳನ್ನೂ ಐಸೊಪ್ರೊಪಿಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಮುಚ್ಚಿ. ಕಾರ್ಟ್ರಿಜ್‌ನ ಬಾಯಿಗೂ ಅದೇ ಮದ್ದು, ಊದುವುದು ಬೇಡ. ಎಂಜಲಿನ ತೇವ ಸಂಪರ್ಕಗಳಿಗೆ ತುಕ್ಕು ತರುತ್ತದೆ.

ಇಬ್ಬರಿಗೂ ರ‍್ಯೂನೇ ಬೇಕು ಎಂದು ಮನೆಯಲ್ಲಿ ಜಗಳವಾದರೆ ಪರಿಹಾರ ಇದೇ ಕಾರ್ಟ್ರಿಜ್‌ನಲ್ಲಿದೆ. ಮೊದಲ ಆರ್ಕೇಡ್ ಆವೃತ್ತಿಯಲ್ಲಿ ಇಬ್ಬರೂ ಒಬ್ಬನನ್ನೇ ಆರಿಸಲು ಬರುತ್ತಿರಲಿಲ್ಲ. ಮನೆಯದರಲ್ಲಿ ಕ್ಯಾಪ್‌ಕಾಮ್ ಲಾಂಛನ ತೆರೆಯ ಮೇಲೆ ಇರುವಾಗಲೇ ಕೆಳಗೆ, ಆರ್, ಮೇಲೆ, ಎಲ್, ವೈ, ಬಿ ಎಂದು ಒತ್ತಬೇಕು. ಸರಿಬಿದ್ದರೆ ಒಂದು ಸದ್ದು ಕೇಳುತ್ತದೆ, ಎರಡನೆಯ ರ‍್ಯೂ ಬೇರೆ ಬಣ್ಣದ ಬಟ್ಟೆಯಲ್ಲಿ ಬರುತ್ತಾನೆ. ಲಾಂಛನ ಕೆಲವೇ ಕ್ಷಣ ಇರುತ್ತದೆ. ಸದ್ದು ಕೇಳದಿದ್ದರೆ ರೀಸೆಟ್ ಒತ್ತಿ ಮತ್ತೆ ಮಾಡಿ.